ದ್ಯಾಮಣ್ಣನ ಹೆಬ್ಬೆರಳು

ನಮ್ಮ ಊರಿನಲ್ಲಿ ಯಾರೇ ಸತ್ತರೂ ನನ್ನ ಅಪ್ಪನ ಹೆಸರು ಹಿಡಿದು ಅಳುತ್ತಾರೆ. ಹನ್ನೊಂದು ವರ್ಷಗಳಿಂದ ಹೀಗೆಯೇ ನಡೆದಿದೆ. ಈ ಹನ್ನೊಂದು ವರ್ಷಗಳಲ್ಲಿ ಊರು ಅರವತ್ತಮೂರು ಹೆಣಗಳನ್ನು ಎತ್ತಿದೆ, ಅರವತ್ತಮೂರಕ್ಕೂ ‘ಬಿಳಿಹುಬ್ಬಿನ ದ್ಯಾಮಣ್ಣಾ’ ಎಂದೇ ಹಾಡಿದ್ದಾರೆ. ಆ ದ್ಯಾಮಣ್ಣ, ಎಂದರೆ ನನ್ನ ಅಪ್ಪ, ಅಷ್ಟೂ ಸಲ ಜನರ ಹಿಂದೆ ಕೈಕಟ್ಟಿ ನಿಂತು ಅದನ್ನು ಕೇಳಿದ್ದಾನೆ. ಲೆಕ್ಕ ಇಷ್ಟು ನಿಖರವಾಗಿ ನೆನಪಿರುವುದಕ್ಕೆ ಕಾರಣ, ಅದನ್ನು ಬರೆದಿಡುವ ನೌಕರಿ ನನ್ನದೇ.

ಸಂರಕ್ಷಣಾ ಮಂಡಳಿಯವರು ಊರನ್ನು ಡಬ್ಬಿಗೆ ಹಿಡಿಯಲು ಬಂದದ್ದು ಒಂದು ಬೇಸಿಗೆಯಲ್ಲಿ. ಡಬ್ಬಿ ಎಂದರೆ ಮುಖಕ್ಕೆ ಬಿಗಿದುಕೊಳ್ಳುವ, ಕಣ್ಣು ಕಿವಿ ಎರಡನ್ನೂ ಮುಚ್ಚುವ ಕರಿಯ ಸಾಧನ. ಮಂಡಳಿಯವರು ಅದನ್ನು ವಿಆರ್ ಹೆಡ್‌ಸೆಟ್ ಎನ್ನುತ್ತಾರೆ. ಹಾಕಿಕೊಂಡವರಿಗೆ ತಾವು ಊರಿನ ನಡುವೆಯೇ ನಿಂತಂತೆ ಕಾಣುತ್ತದೆ. ತಿರುಗಿದತ್ತ ಓಣಿ ತಿರುಗುತ್ತದೆ, ಬಗ್ಗಿದರೆ ನೆಲ ಹತ್ತಿರ ಬರುತ್ತದೆ. ಅವರು ಮೂರು ದಿನ ಬೀದಿ, ಬಾವಿ, ಅಂಗಡಿಗಳನ್ನೆಲ್ಲ ಹಿಡಿದರು. ಕೊನೆಗೆ ಉಳಿದದ್ದು ಮುಖ್ಯವಾದದ್ದೇ. ನಮ್ಮ ಊರಿನ ಹೆಸರು ಹೊರಗೆ ನಾಲ್ಕು ಜನರಿಗೆ ಗೊತ್ತಿದ್ದರೆ ಅದು ಅಳುವ ಪದದಿಂದ. ಇಲ್ಲಿ ಯಾರಾದರೂ ಸತ್ತರೆ ಹೆಣ ಎತ್ತುವ ಮೊದಲು ಒಬ್ಬ ಹೆಂಗಸು ಅದರ ತಲೆಯ ಕಡೆ ಕೂತು ಹಾಡಿಕೊಂಡು ಅಳುತ್ತಾಳೆ. ಪದವನ್ನು ಆಗಲೇ, ಆ ಮನುಷ್ಯನಿಗಾಗಿಯೇ ಕಟ್ಟಬೇಕು. ಸತ್ತವರನ್ನು ಬರೀ ಹೊಗಳುವಂತಿಲ್ಲ. ಅವರ ಒಂದು ಕಳ್ಳತನ, ಒಂದು ಭಯ, ಒಂದು ಚಟವಾದರೂ ಅದರಲ್ಲಿ ಬರಬೇಕು. ನೆರೆದವರು ಮೊದಲು ನಗುತ್ತಾರೆ, ಆಮೇಲೆ ಅಳುತ್ತಾರೆ, ಆಮೇಲೆ ಹೆಣ ಎತ್ತುತ್ತಾರೆ. ಒಮ್ಮೆ ಹಾಡಿದ್ದನ್ನು ಮತ್ತೆ ಯಾರಿಗೂ ಹಾಡುವುದಿಲ್ಲ.

ಮಂಡಳಿಯವರು ಕ್ಯಾಮೆರಾ ಹೂಡಿಕೊಂಡು ನಾಲ್ಕು ದಿನ ಕಾದರು. ಯಾರೂ ಸಾಯಲಿಲ್ಲ. ಆಗ ಹಾಸಿಗೆ ಹಿಡಿದಿದ್ದ ಇಬ್ಬರು ಮುದುಕರ ಮನೆಗೆ ಹೋಗಿ ಆರೋಗ್ಯ ವಿಚಾರಿಸಿಯೂ ಬಂದರು. ಇಬ್ಬರೂ ಆ ಗಾಬರಿಯಲ್ಲಿ ಎದ್ದು ಓಡಾಡತೊಡಗಿದರು. ಐದನೆಯ ದಿನ ನಿರ್ದೇಶಕ ವಾಮನಮೂರ್ತಿ ಸಾಹೇಬರು ಯಾರಾದರೂ ಹತ್ತು ನಿಮಿಷ ಹೆಣದ ಹಾಗೆ ಮಲಗಿದರೆ ಸಾಕು ಎಂದರು. ಒಪ್ಪಿದವನು ಅಪ್ಪ ಒಬ್ಬನೇ. ಹಿಟ್ಟಿನ ಗಿರಣಿಯಲ್ಲಿ ಯಾರದೋ ಜೋಳ ಅರ್ಧ ಬೀಸಿ ನಿಲ್ಲಿಸಿ ಬಂದಿದ್ದ. ಹುಬ್ಬಿಗೆ ಹಿಟ್ಟು ಮೆತ್ತಿದ್ದ ಮುಖ ತೊಳೆಯಲೂ ಇಲ್ಲ. ಬೇಗ ಹಾಡಿ ಮುಗಿಸು ಎಂದು ನಿಂಬೆವ್ವನಿಗೆ ಹೇಳಿ ಚಾಪೆಯ ಮೇಲೆ ಮಲಗಿದ. ಊರಿಗೆಲ್ಲ ಪದ ಕಟ್ಟುವವಳು ನಿಂಬೆವ್ವನೇ. ಅಪ್ಪನೂ ಅವಳೂ ಒಂದೇ ಓಣಿಯಲ್ಲಿ ಬೆಳೆದವರು. ಅವನ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು ಇರಲಿಲ್ಲ.

‘ಬಿಳಿಹುಬ್ಬಿನ ದ್ಯಾಮಣ್ಣಾ, ಹಿಟ್ಟಿನಾಗ ಮುಳುಗಿದವನೇ, ತಕ್ಕಡಿ ಮ್ಯಾಲ ಬೆರಳಿಟ್ಟು ತೂಗಿದವನೇ, ಹೆಂಡತಿ ಕೆಮ್ಮಿದರ ಉರಿಯೂ ಬೀಡಿ ಕಿಸೆದಾಗ ಇಟ್ಟವನೇ, ಯಾರಿಗೆ ಹೇಳಿ ಹೊಂಟೆಪಾ’ ಎಂದು ಅವಳು ಸುರು ಮಾಡಿದಳು. ಮೂರನೆಯ ನುಡಿಯ ಹೊತ್ತಿಗೆ ಅಪ್ಪನ ಎಡಗಾಲಿನ ಹೆಬ್ಬೆರಳಿಗೆ ಒಂದು ಇರುವೆ ಕಚ್ಚಿತು. ಬೆರಳು ಎರಡು ಸಲ ಅಲುಗಿತು. ಇನ್ನೊಮ್ಮೆ ಹಿಡಿಯೋಣವೇ ಎಂದು ಕ್ಯಾಮೆರಾದವನು ಕೇಳಿದ. ಗಿರಣಿಯಲ್ಲಿ ಜೋಳ ಕಾಯುತ್ತಿದೆ ಎಂದು ಅಪ್ಪ ಎದ್ದು ಹೋದ.

ಡಬ್ಬಿಯ ದಾಖಲೆ ಸಿದ್ಧವಾಯಿತು, ಊರು ಮಂಡಳಿಯ ಸಂರಕ್ಷಿತ ಊರುಗಳ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿ ಉಳಿಯಲು ಇರುವ ನಿಯಮ ಒಂದೇ: ದಾಖಲೆಗೂ ಊರಿಗೂ ವ್ಯತ್ಯಾಸ ಕಂಡರೆ ಊರನ್ನು ತಿದ್ದಬೇಕು. ನೂರಕ್ಕೆ ತೊಂಬತ್ತೆಂಟಕ್ಕಿಂತ ಕಡಿಮೆ ತಾಳೆಯಾದರೆ ಹೆಸರು ಹೊಡೆದುಹಾಕುತ್ತಾರೆ. ನಮ್ಮಿಂದ ಎರಡು ಹರದಾರಿ ಆಚೆಗಿದ್ದ ಊರಿನ ಹೆಸರನ್ನು ಹೀಗೆ ಹೊಡೆದರು. ಮರುದಿನದಿಂದ ಬಸ್ಸು ಅದರ ನಡುವೆಯೇ ಹಾದುಹೋದರೂ ನಿಲ್ಲುತ್ತಿಲ್ಲ. ಬೇಕೆಂದು ಮಾಡುವುದಲ್ಲ. ಡ್ರೈವರನಿಗೆ, ಕಂಡಕ್ಟರನಿಗೆ ಅಲ್ಲಿ ಬಯಲು ಬಿಟ್ಟು ಏನೂ ಕಾಣುವುದಿಲ್ಲವಂತೆ. ಅಂಚೆಯವನು ಪತ್ರ ಹಿಡಿದುಕೊಂಡು ಒಂದು ವಾರ ಹುಡುಕಿ ಮರಳಿದ. ಅಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾದ ನಮ್ಮವರು ಈಗ ಮಾವನ ಮನೆಗೆ ಕೈಯಿಂದ ತಡವಿಕೊಂಡು ಹೋಗುತ್ತಾರೆ. ಹಾಗಾಗಿ ನಿಯಮದ ಬಗ್ಗೆ ನಮ್ಮಲ್ಲಿ ಯಾರೂ ವಾದಿಸುವುದಿಲ್ಲ.

ತಾಳೆ ನೋಡಲು ಮಂಡಳಿಗೆ ಒಬ್ಬ ಸ್ಥಳೀಯ ಮನುಷ್ಯ ಬೇಕಿತ್ತು. ಭೌತಶಾಸ್ತ್ರದಲ್ಲಿ ಪದವಿ ಪಡೆದು ಗಿರಣಿಯ ಬೆಲ್ಟು ಬದಲಿಸುತ್ತಿದ್ದವನು ನಾನೊಬ್ಬನೇ. ನನಗೆ ಒಂದು ಡಬ್ಬಿ, ಒಂದು ಸ್ಟಾಪ್‌ವಾಚು, ಹದಿನಾಲ್ಕು ಕಾಲಮ್ಮುಗಳ ಫಾರಮ್ಮು ಕೊಟ್ಟರು. ಮಂಡಳಿಯವರು ಓದುವುದು ಆ ಫಾರಮ್ಮನ್ನಷ್ಟೇ. ನಾನು ಶ್ರದ್ಧೆಯಿಂದ ದುಡಿದೆ. ದಾಖಲೆಯಲ್ಲಿ ಅಂಚೆ ಕಚೇರಿಯ ಕಿಟಕಿಗೆ ಯಾರೋ ಒಂದು ಹರಿದ ಬನಿಯನ್ ಒಣಹಾಕಿದ್ದಾರೆ. ಅಲ್ಲಿ ಇಂದಿಗೂ ಹರಿದ ಬನಿಯನ್ ಒಣಗುತ್ತಿದೆ, ಹಳತಾದರೆ ಹೊಸದು ತಂದು ಅಳತೆ ಪ್ರಕಾರ ಹರಿಯುತ್ತೇವೆ. ಚಹದಂಗಡಿಯ ಮಾಬೂಸಾಬನ ಪಾತ್ರೆಯಿಂದ ದಾಖಲೆ ಹಿಡಿದ ದಿನ ಹಾಲು ಉಕ್ಕಿತ್ತು. ಅವನು ದಿನಾ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹಾಲು ಉಕ್ಕಿಸಿ ‘ಅಯ್ಯೋ’ ಎನ್ನುತ್ತಾನೆ. ಬಾವಿಕಟ್ಟೆಯ ಮೇಲೆ ಮಲಗಿದ್ದ ಕೆಂದು ಬಣ್ಣದ ನಾಯಿ ಸತ್ತು ಈಗಿನದು ಮೂರನೆಯದು. ಅದಕ್ಕೆ ಮಲಗುವುದನ್ನು ಕಲಿಸುವುದು ಕಷ್ಟವಾಗಲಿಲ್ಲ. ಪ್ರವಾಸಿಗರು ಬರುತ್ತಾರೆ. ಅವರು ಊರನ್ನು ಆಗಲೇ ಡಬ್ಬಿಯಲ್ಲಿ ನೋಡಿರುತ್ತಾರೆ, ಇಲ್ಲಿಗೆ ಬರುವುದು ಎಲ್ಲ ಸರಿಯಾಗಿದೆಯೇ ಎಂದು ನೋಡಲು. ಸರಿಯಾಗಿದ್ದರೆ ಸ್ವಲ್ಪ ನಿರಾಶೆಯಿಂದಲೇ ಹಿಂದಿರುಗುತ್ತಾರೆ.

ಹೆಣಗಳ ವಿಷಯದಲ್ಲಿಯೂ ಜನ ಬೇಗ ಹೊಂದಿಕೊಂಡರು. ಸ್ನಾನ ಮಾಡಿಸಿದ ಮೇಲೆ ಹುಬ್ಬಿಗೆ ಜೋಳದ ಹಿಟ್ಟು ಹಚ್ಚುವುದು, ಎಡಗಾಲಿನ ಹೆಬ್ಬೆರಳಿಗೆ ದಾರ ಕಟ್ಟಿ ಮೂರನೆಯ ನುಡಿಗೆ ಹಿರಿಯ ಮಗ ಎರಡು ಸಲ ಮೆಲ್ಲಗೆ ಎಳೆಯುವುದು ಎರಡೇ ವರ್ಷಗಳಲ್ಲಿ ಪದ್ಧತಿಯಾದವು. ಹಿಟ್ಟು ಹಚ್ಚದಿದ್ದರೆ ಜೀವಕ್ಕೆ ದಾರಿ ಸಿಗುವುದಿಲ್ಲ ಎಂದು ಈಗ ಮುದುಕಿಯರು ಹೇಳುತ್ತಾರೆ. ಜನ್ಮದಲ್ಲಿ ತಕ್ಕಡಿ ಮುಟ್ಟದ ಶಾಲೆಯ ಮಾಸ್ತರರು ‘ಬೆರಳಿಟ್ಟು ತೂಗಿದವನೇ’ ಎನ್ನಿಸಿಕೊಂಡು ಹೋದರು. ಮಠದ ಅಜ್ಜನವರು ಕೂತಲ್ಲೇ ದೇಹ ಬಿಟ್ಟಿದ್ದರು. ದಾಖಲೆಯ ಹೆಣ ಮಲಗಿದೆಯೆಂದು ಅವರನ್ನು ಮಲಗಿಸಿದೆವು. ಎಂಬತ್ತು ವರ್ಷ ಬ್ರಹ್ಮಚಾರಿಯಾಗಿ ಬಾಳಿದ ಆ ಮಹಾನುಭಾವರ ತಲೆಯ ಕಡೆ ಕೂತು ನಿಂಬೆವ್ವ ‘ಹೆಂಡತಿ ಕೆಮ್ಮಿದರ’ ಎಂದು ಹಾಡುವಾಗ ಭಕ್ತರು ನೆಲ ನೋಡುತ್ತಿದ್ದರು. ತಾಳೆ ಮಾತ್ರ ತೊಂಬತ್ತೊಂಬತ್ತು ದಶಾಂಶ ನಾಲ್ಕು ಬಂತು.

ತಪ್ಪಿದ್ದು ಒಂದೇ ಸಲ. ನಿಂಬೆವ್ವನ ತಂಗಿ ಗುರುಬಸವ್ವ ಸತ್ತಾಗ. ‘ಯಾರಿಗೆ ಹೇಳಿ ಹೊಂಟೆಪಾ’ ಎನ್ನುವಲ್ಲಿಗೆ ಬಂದು ನಿಂಬೆವ್ವ ತಡೆದಳು. ಆಮೇಲೆ ತಂಗಿಯ ಹೆಸರು ಹಿಡಿದಳು. ‘ನನ್ನ ಕುಬಸ ತೊಟಗೊಂಡು ನಂದಲ್ಲ ಅಂದವಳೇ, ನನ್ನ ಬೈಗುಳ ನುಂಗಿ ನನಗಽ ಉಣಿಸಿದವಳೇ.’ ಎರಡೇ ಸಾಲು. ಮತ್ತೆ ದ್ಯಾಮಣ್ಣನಿಗೆ ಮರಳಿ ಮುಗಿಸಿದಳು. ನೆರೆದಿದ್ದ ಹೆಂಗಸರು ಎಷ್ಟೋ ವರ್ಷಗಳ ನಂತರ ನಿಜವಾಗಿ ಅತ್ತರು. ನಾನು ಸ್ಟಾಪ್‌ವಾಚು ನೋಡಿದೆ. ‘ಹೆಚ್ಚುವರಿ: ಎರಡು ಸಾಲು, ಹತ್ತೊಂಬತ್ತು ಸೆಕೆಂಡು’ ಎಂದು ಬರೆದೆ.

ಮಂಡಳಿಯಿಂದ ಆದೇಶ ಬಂತು. ನಿಂಬೆವ್ವ ಒಂದು ಹುಲ್ಲಿನ ಗೊಂಬೆಯನ್ನು ಚಾಪೆಯ ಮೇಲೆ ಮಲಗಿಸಿಕೊಂಡು ಹಳೆಯ ಪದವನ್ನು ಆ ಎರಡು ಸಾಲಿಲ್ಲದೆ ಹಾಡಿ ತೋರಿಸಬೇಕು, ಹಾಗೆ ಮಾಡಿದರೆ ಮಾತ್ರ ಗುರುಬಸವ್ವನ ಸಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದು. ಅವಳು ಹಾಡಿದಳು. ಗೊಂಬೆಯ ಹುಬ್ಬಿಗೆ ಹಿಟ್ಟು ಹಚ್ಚಿದ್ದೆವು. ನಾನೇ ದಾರ ಎಳೆದೆ.

ಅಂದಿನ ಊಟದ ಹೊತ್ತಿಗೆ ಅಪ್ಪ ನನ್ನ ತಾಟಿನತ್ತ ನೋಡುತ್ತ, “ಸೋಮ್ಯಾ, ನೀ ಶಾಲಿ ಕಲಿಯೂ ಮುಂದ ನಾ ಭಾಳ ಖುಷಿ ಪಟ್ಟಿದ್ದೆ,” ಎಂದ. ತನ್ನ ತಾಟು ಎತ್ತಿಕೊಂಡು ಎದ್ದ. ಒಂದು ತಿಂಗಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಈ ವರ್ಷ ಯುಗಾದಿಯ ಹೊತ್ತಿಗೆ ಅಪ್ಪನ ಎದೆಯಲ್ಲಿ ನೀರು ತುಂಬಿಕೊಂಡಿತು. ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ಅವನು ಒಳಗೆ ಮಲಗಿಯೇ ಅರ್ಥ ಮಾಡಿಕೊಂಡಿದ್ದ. ಒಂದು ಮಧ್ಯಾಹ್ನ ಗಂಜಿ ಕುಡಿದು ಬಟ್ಟಲು ಕೆಳಗಿಟ್ಟ.

“ಆ ಹಳೀ ಪದ ನನಗ ಬ್ಯಾಡ.”

“ಅದು ನಿನ್ನದಽ ಪದ ಅಲ್ಲೇನಪಾ. ಊರಾಗ ಎಲ್ಲಾರಿಗೂ ಸುಳ್ಳ ಆಗೂದು, ನಿನಗೊಬ್ಬಗಽ ಖರೇ ಆಗ್ತದ.”

“ಅರವತ್ತಮೂರು ಮಂದಿ ಹೊತ್ಕೊಂಡು ಹೋಗಿ ಹಳಸಿದ ಪದ ಅದು. ನಾನಽ ನಿಂತು ಕೇಳೀನಿ. ತಕ್ಕಡಿ, ಬೀಡಿ! ನಿಮ್ಮವ್ವ ಹೋದ ದಿನಾನಽ ಬೀಡಿ ಬಿಟ್ಟೀನಿ. ಆ ಪದ ಕಟ್ಟಿದ ಮ್ಯಾಲೆ ಹನ್ನೊಂದು ವರ್ಷ ಬದುಕೀನಿ ನಾ. ಅಷ್ಟರಾಗ ಏನೂ ಮಾಡಿಲ್ಲೇನು?”

“ಏನ ಮಾಡೀದಿ?”

ಅಪ್ಪ ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು. “ಅದು ನಿಂಬಿಗೆ ಗೊತ್ತೈತಿ. ಆಕಿ ಹಾಡಲಿ, ನೀ ಕೇಳು. ಬದುಕಿದ್ದಾಗ ಮಗನಿಗೆ ಹೇಳೂವಂಥಾದ್ದಲ್ಲ ಅದು.”

ನಾನು ನಿಂಬೆವ್ವನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಕೂಡು ಎನ್ನಲಿಲ್ಲ.

“ಅತ್ತೀ, ಅಪ್ಪಗ ಹೊಸಾ ಪದ ಬೇಕಂತ.”

“ಗೊತ್ತೈತಿ. ಹಾಸಗಿ ಹಿಡದಾಗಿಂದ ಹೇಳಿ ಕಳಸ್ಯಾನ. ಹಾಡಿದರ ನೀ ಬರೀತಿ?”

ನಾನು ಸುಳ್ಳು ಹೇಳಬಹುದಿತ್ತು. “ಕೇಳಿದ್ದನ್ನ ಬರೀಲಿಕ್ಕೇ ಬೇಕು. ಈ ಸಲ ತಾಳೆ ಕಡಿಮಿ ಆದರ ಊರಿನ ಹೆಸರು ಹೋಗ್ತದ. ಬಸ್ಸು ನಿಲ್ಲೂದಿಲ್ಲ.”

“ಬಸ್ಸಿನ್ಯಾಗ ಯಾರು ಬರ್ತಾರಪಾ ಅಂಥಾವರು? ಹರಕ ಬನೀನು ನೋಡಾಕ ಬರೂವವರು.” ಅವಳು ಒಂದು ಮೆಣಸಿನಕಾಯಿ ಮುರಿದಳು. “ನನ್ನ ತಂಗಿ ಬದಲಿ ನನಗ ಹುಲ್ಲು ಕೊಟ್ಟಿ ನೀನು. ನಿಮ್ಮಪ್ಪಗೂ ಒಂದು ಸಿವುಡು ಹುಲ್ಲು ತಂದಿಡು. ಹಾಡ್ತೀನಿ.”

ಅಪ್ಪ ಒಂದು ಗುರುವಾರ ಬೆಳಿಗ್ಗೆ, ಗಿರಣಿ ಸುರುವಾಗುವ ಹೊತ್ತಿಗೆ ಹೋದ. ಸಾಮಾನ್ಯ ಸಾವುಗಳಿಗೆ ಮಂಡಳಿಯವರು ಬರುವುದಿಲ್ಲ. ಇದು ಸಾಮಾನ್ಯ ಸಾವಾಗಿರಲಿಲ್ಲ. ದಾಖಲೆಯಲ್ಲಿದ್ದ ಹೆಣವೇ ಕೊನೆಗೂ ಸತ್ತಿತ್ತು. ವಾಮನಮೂರ್ತಿ ಸಾಹೇಬರು ಆರು ಜನ ಅತಿಥಿಗಳನ್ನು ವ್ಯಾನಿನಲ್ಲಿ ಕೂಡಿಸಿಕೊಂಡು ಬಂದರು. ಅವರಲ್ಲಿ ಇಬ್ಬರು ಪಟ್ಟಿ ಪರಿಷ್ಕರಿಸುವ ಸಮಿತಿಯವರು. ಸಾಹೇಬರು ನನ್ನ ಕೈ ಹಿಡಿದು, “ಇಂಥ ಅವಕಾಶ ನಮ್ಮ ಕ್ಷೇತ್ರದಲ್ಲಿ ಇದೇ ಮೊದಲು. ಅಸಲು ಮತ್ತು ದಾಖಲೆ ಎರಡೂ ಒಂದೇ ವ್ಯಕ್ತಿ! ನಿಮ್ಮ ದುಃಖದಲ್ಲಿ ನಾನೂ ಭಾಗಿ,” ಎಂದರು. ಆಮೇಲೆ ಅಪ್ಪನ ಮುಖದ ಮೇಲೆ ಬಗ್ಗಿ ಹುಬ್ಬು ಪರೀಕ್ಷಿಸಿದರು. “ಹಿಟ್ಟು ಎಡಗಡೆ ಸ್ವಲ್ಪ ಕಡಿಮೆ ಆಯಿತಲ್ಲವೇ?”

ಅಪ್ಪನ ಗಿರಣಿಯ ಹಿಟ್ಟನ್ನೇ ಇನ್ನೊಂದು ಚಿಟಿಕೆ ತಂದು ಹಚ್ಚಿದೆ. ಬದುಕಿದ್ದಾಗ ಆ ಹುಬ್ಬನ್ನು ಒರೆಸಿಕೋ ಎಂದು ನಾನೇ ಬೈಯುತ್ತಿದ್ದೆ.

ವ್ಯಾನಿನಿಂದ ಒಂದು ಟ್ರಂಕು ಇಳಿಸಿದರು. ಅದರ ತುಂಬ ಡಬ್ಬಿಗಳು. ಪದ ಮುಗಿದ ಮೇಲೆ ಅತಿಥಿಗಳಿಗೆ ದಾಖಲೆಯನ್ನು ತೋರಿಸುವುದು ಸಾಹೇಬರ ಉದ್ದೇಶ. ಆ ಟ್ರಂಕು ನೋಡಿದಾಗ ನನಗೆ ಯೋಚನೆ ಹೊಳೆಯಿತು.

“ಸಾಹೇಬರೇ, ಆಮೇಲೆ ಯಾಕೆ? ಪದ ಸುರುವಾಗುವ ಕ್ಷಣಕ್ಕೇ ಎಲ್ಲರೂ ಹಾಕಿಕೊಳ್ಳಲಿ. ಇಲ್ಲಿಯದೂ ಅಲ್ಲಿಯದೂ ಒಂದೇ ಸಮಯಕ್ಕೆ ನಡೆಯುತ್ತದೆ. ಅದಕ್ಕಿಂತ ಒಳ್ಳೆಯ ತಾಳೆ ಇಲ್ಲ.”

ಡಬ್ಬಿ ಹಾಕಿಕೊಂಡವರಿಗೆ ಇಲ್ಲಿಯದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ ಎಂಬುದು ಹನ್ನೊಂದು ವರ್ಷ ಅವುಗಳನ್ನೇ ಹಂಚುತ್ತಿದ್ದ ಸಾಹೇಬರಿಗೆ ಗೊತ್ತಿರಬೇಕಿತ್ತು. ಅವರು ಕಣ್ಣು ಮುಚ್ಚಿ ತೆರೆದರು. “ಏಕಕಾಲಿಕ ತಾಳೆ!” ಎಂದು ಸಮಿತಿಯವರ ಕಡೆ ತಿರುಗಿದರು. “ನೋಡಿ, ವಿಜ್ಞಾನ ಓದಿದವರು ಯೋಚಿಸುವ ರೀತಿ.” ಸಮಿತಿಯವರು ಟಿಪ್ಪಣಿ ಮಾಡಿಕೊಂಡರು.

ನಾನು ನಿಂಬೆವ್ವನ ಹತ್ತಿರ ಬಗ್ಗಿ ಚಾಪೆ ಸರಿಪಡಿಸುವವನಂತೆ ನಟಿಸಿದೆ. “ಅತ್ತೀ, ಇವರಿಗೆಲ್ಲ ಡಬ್ಬಿ ಹಾಕ್ತೀನಿ. ಏಳು ನಿಮಿಷ ನಲವತ್ತು ಸೆಕೆಂಡು ನಿನಗ. ಏನ ಬೇಕಾದ್ದು ಹಾಡು.”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. “ನೀನು?”

“ನಾ ಕೇಳ್ತೀನಿ. ಬರಿಯೂದಿಲ್ಲ.”

ಹನ್ನೊಂದು ವರ್ಷಗಳಲ್ಲಿ ನಾನು ಬರೆಯುವುದಿಲ್ಲ ಎಂದದ್ದು ಅದೇ ಮೊದಲು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಪ್ಪನ ತಲೆಯ ಕಡೆ ಕೂತಳು. ಊರಿನವರು ಏನೋ ವಾಸನೆ ಹಿಡಿದು ಹತ್ತಿರ ಸರಿದರು. ಮಾಬೂಸಾಬ ಹಾಲು ಉಕ್ಕಿಸುವುದನ್ನು ಬಿಟ್ಟು ಬಂದಿದ್ದ. ಅತಿಥಿಗಳು ಸಾಲಾಗಿ ಕುರ್ಚಿಯಲ್ಲಿ ಕೂತರು; ನಾನು ಒಬ್ಬೊಬ್ಬರಿಗೂ ಡಬ್ಬಿ ಬಿಗಿದು, ಕಿವಿಯ ಮೆತ್ತೆ ಒತ್ತಿ, ಧ್ವನಿ ಪೂರ್ತಿ ಏರಿಸಿದೆ. ಕೊನೆಗೆ ಸಾಹೇಬರಿಗೆ. ಅವರು ಡಬ್ಬಿಯನ್ನು ಹಣೆಯವರೆಗೆ ತಂದು ನಿಲ್ಲಿಸಿದರು.

“ನಿಮ್ಮದೆಲ್ಲಿ?”

“ನಾನು ದಾರ ಎಳೆಯಬೇಕಲ್ಲ ಸಾಹೇಬರೇ. ಹಿರಿಯ ಮಗ.”

“ದಾರ ಕೈಯಲ್ಲಿರಲಿ, ಡಬ್ಬಿ ಮುಖದ ಮೇಲಿರಲಿ. ಫಾರಮ್ಮಿಗೆ ಸಹಿ ಹಾಕುವವರು ನೀವು. ನೀವೇ ನೋಡದೆ ತಾಳೆ ಎಂಥದ್ದು? ಸಮಿತಿಯವರ ಮುಂದೆ...” ಎಂದು ತಾವೇ ಟ್ರಂಕಿನಿಂದ ಒಂದನ್ನು ತೆಗೆದು ನನ್ನ ಕೈಗಿತ್ತರು. ನಾನು ಹಾಕಿಕೊಳ್ಳುವವರೆಗೆ ತಾವು ಹಾಕಿಕೊಳ್ಳಲಿಲ್ಲ. ಹಾಕಿಕೊಂಡ ಮೇಲೆ ನನ್ನ ಕಿವಿಯ ಮೆತ್ತೆಗಳನ್ನು ತಮ್ಮ ಕೈಯಾರೆ ಒತ್ತಿ ಸರಿಪಡಿಸಿದರು.

ಕತ್ತಲೆಯಾಯಿತು. ಆಮೇಲೆ ಆ ಬೇಸಿಗೆಯ ಬಿಸಿಲು ಬಂತು. ಹನ್ನೊಂದು ವರ್ಷ ಚಿಕ್ಕವಳಾದ ನಿಂಬೆವ್ವ ನನ್ನ ಎದುರು ಕೂತಿದ್ದಳು. ಚಾಪೆಯ ಮೇಲೆ ಅಪ್ಪ. ಈ ದಾಖಲೆಯನ್ನು ನಾನು ನೂರಾರು ಸಲ ನೋಡಿದ್ದೆ, ಯಾವಾಗಲೂ ಸೆಕೆಂಡು ಎಣಿಸುತ್ತ. ಈಗ ಎಣಿಸಲು ಏನೂ ಇರಲಿಲ್ಲ. ಅಪ್ಪನ ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು. ‘ತಕ್ಕಡಿ ಮ್ಯಾಲ ಬೆರಳಿಟ್ಟು’ ಎಂದಾಗ ಅವನ ತುಟಿಯ ಒಂದು ಕೊನೆ ನಗು ತಡೆಯಲಾರದೆ ನಡುಗಿತು. ಅದನ್ನು ನಾನು ಯಾವ ಕಾಲಮ್ಮಿನಲ್ಲಿಯೂ ಬರೆದಿರಲಿಲ್ಲ.

ಹೊರಗೆ, ನನ್ನ ಎರಡು ಮೊಳ ಆಚೆ, ಅವನಿಗಾಗಿಯೇ ಕಟ್ಟಿದ ಪದ ನಡೆದಿತ್ತು. ನಾನು ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಮೆತ್ತೆಗಳು ಒಳ್ಳೆಯ ಗುಣಮಟ್ಟದವು. ಒಂದೇ ಒಂದು ಸಲ ಕಾಲಿನ ಕೆಳಗೆ ನೆಲ ಅದುರಿದಂತೆ ಅನ್ನಿಸಿತು. ಬಹಳ ಜನ ಒಟ್ಟಿಗೆ ನಕ್ಕರೆ ಹಾಗಾಗಬಹುದು. ಕಳಚಿಬಿಡಬೇಕು ಎಂದು ಕೈ ಎತ್ತಿದೆ. ನಾನು ಕಳಚಿದರೆ ಪಕ್ಕದ ಸಾಹೇಬರೂ ಕಳಚುತ್ತಾರೆ ಎಂದು ಕೈ ಇಳಿಸಿದೆ. ಮೂರನೆಯ ನುಡಿಗೆ ಇರುವೆ ಬಂತು. ಅಪ್ಪನ ಹೆಬ್ಬೆರಳು ಅಲುಗಿತು, ಎರಡು ಸಲ.

ಡಬ್ಬಿ ತೆಗೆದಾಗ ಹೊರಗೆ ಎಲ್ಲ ಮುಗಿದಿತ್ತು. ಹೆಂಗಸರು ಮುಖ ಒರೆಸಿಕೊಳ್ಳುತ್ತಿದ್ದರು, ಗಂಡಸರು ಹೆಣ ಎತ್ತಲು ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದರು. ಅತಿಥಿಗಳಲ್ಲಿ ಒಬ್ಬರು ಇನ್ನೂ ಡಬ್ಬಿಯೊಳಗೆ ತಲೆದೂಗುತ್ತಿದ್ದರು. “ಅದ್ಭುತ! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ,” ಎಂದರು ಸಮಿತಿಯವರು. ಅವರು ಹೋಲಿಸಿದ್ದು ದಾಖಲೆಯನ್ನು ದಾಖಲೆಯ ಜೊತೆ. ಹಾಗಾಗಿ ಮಾತು ಸತ್ಯವೇ. ನಾನು ಫಾರಮ್ಮಿನಲ್ಲಿ ‘ನೂರಕ್ಕೆ ನೂರು’ ಎಂದು ಬರೆದು ಸಹಿ ಹಾಕಿದೆ. ಬೇರೆ ಯಾವ ಊರಿಗೂ ಬಂದಿಲ್ಲದ ಅಂಕಿ ಅದು. ಈಗ ಊರ ಬಾಗಿಲಿನ ಫಲಕದ ಮೇಲೆ ಬರೆಸಿದ್ದಾರೆ. ಬಸ್ಸು ಮೊದಲಿಗಿಂತ ಎರಡು ನಿಮಿಷ ಹೆಚ್ಚು ನಿಲ್ಲುತ್ತದೆ.

ಆಮೇಲಿನ ದಿನಗಳಲ್ಲಿ ಊರು ನನ್ನ ಜೊತೆ ವಿಚಿತ್ರವಾಗಿ ನಡೆದುಕೊಳ್ಳತೊಡಗಿತು. ಮಾಬೂಸಾಬ ಚಹದ ಲೋಟ ಕೊಡುತ್ತ ನನ್ನ ಮುಖ ನೋಡಿ ಫಕ್ಕನೆ ನಕ್ಕ, ಆಮೇಲೆ ಕಣ್ಣು ಒರೆಸಿಕೊಂಡ.

“ಏನಾತೋ ಮಾಬೂ?”

“ನಿಮ್ಮಪ್ಪ! ಎಂಥಾ ಮನುಷ್ಯಾ ಇದ್ದ ಅಂತೀನಿ. ಆ ಛತ್ರಿ ವಿಷಯ ನನಗ ಇಷ್ಟ ದಿನಾ ಗೊತ್ತಽ ಇರಲಿಲ್ಲ.”

“ಯಾವ ಛತ್ರಿ?”

ಅವನು ಪಾತ್ರೆಯ ಕಡೆ ತಿರುಗಿದ. “ನೀ ಅಲ್ಲೇ ಕುಂತಿದ್ದಿ ಅಲ್ಲೋ.” ಹತ್ತು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಹಾಲು ಉಕ್ಕಿತು. “ಅಯ್ಯೋ,” ಎಂದ.

ನಾನು ನಿಂಬೆವ್ವನ ಮನೆಗೆ ಹೋದೆ. ಈ ಸಲ ಅವಳು ಕೂಡು ಎಂದಳು.

“ಅತ್ತೀ, ಒಮ್ಮೆ ಹೇಳು. ಹಾಡಬ್ಯಾಡ, ಬರೇ ಹೇಳು. ಒಂದು ಸಾಲು.”

“ಹಾಡಿದ ಮ್ಯಾಲ ಮುಗೀತಪಾ. ಅವ ತಗೊಂಡು ಹೋದ. ಅದು ಈಗ ಅವಂದು.”

“ನನಗ ಕೇಳಲಿಲ್ಲ. ಸಾಹೇಬರು ಕಿವಿ ಮುಚ್ಚಿಸಿದರು.”

“ನೋಡಿದೆ ನಾನೂ.” ಅವಳ ದನಿ ಮೆತ್ತಗಾಯಿತು. “ನೀ ದಾರ ಎಳೀಲಿಲ್ಲಲ್ಲೋ ಸೋಮ್ಯಾ. ಮೂರನೇ ನುಡಿಗೆ ಎಲ್ಲಾರೂ ನಿನ್ನ ಕೈಯಽ ನೋಡಾಕತ್ತಿದ್ವಿ,” ಎಂದಳು.

ನಾನು ಯೋಚಿಸಿದೆ. ದಾರ ಬೆರಳಿಗೆ ಸುತ್ತಿಕೊಂಡೇ ಇತ್ತು. ಎಳೆದ ನೆನಪು ಇರಲಿಲ್ಲ.

“ಬೆರಳು ಅಲುಗಿತಲ್ಲ ಅತ್ತೀ. ತಾನಽ ಅಲುಗಿತು.”

“ನಿನ್ನ ಡಬ್ಬ್ಯಾಗ ಅಲುಗಿರಬೇಕು,” ಎಂದಳು ನಿಂಬೆವ್ವ. “ಇಲ್ಲೆ ದ್ಯಾಮಣ್ಣ ಸತ್ತಿದ್ದ. ನಾವು ಅತ್ತಿವಿ.”